ಏನನ್ನು ಪರೀಕ್ಷಿಸಬೇಕೆಂದು ಹೇಳುವವರು ಯಾರು?

ವಿಮಾನವೊಂದರ ವಿನ್ಯಾಸಕ್ಕೆ ಸರ್ಕಾರದ ಮೊಹರು ಬಿದ್ದಿದೆ ಎಂದರೆ, ಸರ್ಕಾರಿ ಎಂಜಿನಿಯರುಗಳು ಕೂತು ಪ್ರತಿ ನಕ್ಷೆಯನ್ನೂ ತಿರುವಿಹಾಕಿದ್ದಾರೆ ಎಂದು ನಾವು ಅಂದುಕೊಳ್ಳುತ್ತೇವೆ. ಹಾಗೆ ನಡೆಯುವುದಿಲ್ಲ, ನಡೆಯುವುದು ಸಾಧ್ಯವೂ ಇಲ್ಲ. ಅಮೆರಿಕದ ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್, ಅಂದರೆ ಎಫ್‌ಎಎ, ಈ ಕೆಲಸದ ದೊಡ್ಡ ಪಾಲನ್ನು ದಶಕಗಳಿಂದ ವಿಮಾನ ಕಟ್ಟುವ ಕಂಪನಿಯ ನೌಕರರಿಗೇ ವಹಿಸುತ್ತ ಬಂದಿದೆ. ಅವರ ಸಂಬಳ ಕಂಪನಿಯದು, ಸಹಿ ಸರ್ಕಾರದ ಪರವಾಗಿ. ಮೊದಲು ಇಂಥವರು ನೇರವಾಗಿ ಎಫ್‌ಎಎಗೆ ಉತ್ತರ ಹೇಳುತ್ತಿದ್ದರು. ಬೋಯಿಂಗ್‌ನಲ್ಲಿ 2009ರಿಂದ ಬಂದ ಹೊಸ ಏರ್ಪಾಡಿನಲ್ಲಿ ಅವರು ಕಂಪನಿಯ ಮ್ಯಾನೇಜರುಗಳ ಕೈಕೆಳಗಿನವರಾದರು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನಿಸುವುದು ಸಹಜ. ಆದರೆ ಕೆಲಸ ವಹಿಸಿಕೊಡುವುದೇ ತಪ್ಪು ಎಂದು ನನಗನ್ನಿಸುವುದಿಲ್ಲ. ರೆಕ್ಕೆ ಎಷ್ಟು ಸಾವಿರ ಸಲ ಬಾಗಿದರೆ ಬಿರುಕು ಬಿಡುತ್ತದೆ ಎಂಬುದು ಅದನ್ನು ಕಟ್ಟಿದವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ. ಪರೀಕ್ಷೆ ಮಾಡುವ ಕೆಲಸವನ್ನು ಕೊಡಬಹುದು. ಏನನ್ನು ಪರೀಕ್ಷಿಸಬೇಕು, ಯಾವುದು ಅಪಾಯಕಾರಿ ಎಂದು ತೀರ್ಮಾನಿಸುವ ಹಕ್ಕನ್ನು ಕೊಡಬಾರದು. ಬೋಯಿಂಗ್‌ನ 737 ಮ್ಯಾಕ್ಸ್ ವಿಮಾನದ ವಿಚಾರದಲ್ಲಿ ಕೈತಪ್ಪಿದ್ದು ಈ ಎರಡನೆಯದು.

ಮೂಲ 737ಕ್ಕೆ ಒಪ್ಪಿಗೆ ಸಿಕ್ಕಿದ್ದು 1967ರಲ್ಲಿ. ಮ್ಯಾಕ್ಸ್‌ಗೆ 2017ರ ಮಾರ್ಚ್‌ನಲ್ಲಿ ಸಿಕ್ಕಿದ್ದು ಹೊಸ ವಿಮಾನವೆಂದಲ್ಲ, ಅದೇ ಹಳೆಯ ವಿನ್ಯಾಸದ ತಿದ್ದುಪಡಿ ಎಂದು. ಅದರ ಎಂಜಿನ್‌ಗಳು ದೊಡ್ಡವು; ಹಾಗಾಗಿ ಅವನ್ನು ರೆಕ್ಕೆಯ ಮುಂದಕ್ಕೆ, ತುಸು ಮೇಲಕ್ಕೆ ಕೂರಿಸಬೇಕಾಯಿತು. ಇದರಿಂದ ಕೆಲವು ಸಂದರ್ಭಗಳಲ್ಲಿ ಮೂಗು ಮೇಲೇಳುವ ಚಾಳಿ ಅಂಟಿಕೊಂಡಿತು. ಅದನ್ನು ತಾನಾಗಿಯೇ ಕೆಳಗೆ ತಳ್ಳಲು ಎಂಕ್ಯಾಸ್ ಎಂಬ ಸಾಫ್ಟ್‌ವೇರ್ ಸೇರಿಸಿದರು. ಬಾಲದ ಅಡ್ಡರೆಕ್ಕೆಯನ್ನು ಅದು ಒಮ್ಮೆಗೆ ಹೊರಳಿಸಬಹುದಾದ ಮಿತಿ ಮೊದಲು 0.6 ಡಿಗ್ರಿ ಇತ್ತು. ಹಾರಾಟ ಪರೀಕ್ಷೆಗಳ ನಂತರ ಕಡಿಮೆ ವೇಗದಲ್ಲಿ ಅದು 2.5 ಡಿಗ್ರಿಗೆ ಏರಿತು. ನಾಲ್ಕು ಪಟ್ಟು ಬಲ ಪಡೆದ ಈ ಯಂತ್ರ ನಂಬಿದ್ದು ಗಾಳಿಗೆ ವಿಮಾನದ ಕೋನವನ್ನು ಅಳೆಯುವ ಒಂದೇ ಸೆನ್ಸರನ್ನು, ವಿಮಾನದಲ್ಲಿ ಎರಡು ಇದ್ದರೂ. ಬದಲಾವಣೆಯ ಪೂರ್ತಿ ಚಿತ್ರ ಎಫ್‌ಎಎಯ ಮುಖ್ಯ ತಜ್ಞರನ್ನು ಮುಟ್ಟಲಿಲ್ಲ. ಪೈಲಟ್‌ಗಳ ಕೈಪಿಡಿಯಿಂದ ಎಂಕ್ಯಾಸ್‌ನ ಹೆಸರನ್ನೇ ಬಿಡಲು ಎಫ್‌ಎಎ ಒಪ್ಪಿತು. ಸಾಫ್ಟ್‌ವೇರ್ ತಪ್ಪಿ ನಡೆದರೆ ಪೈಲಟ್ ನಾಲ್ಕು ಸೆಕೆಂಡಿನೊಳಗೆ ಸರಿಪಡಿಸುತ್ತಾನೆಂಬುದು ಲೆಕ್ಕಾಚಾರದ ಬುನಾದಿ. ಆದರೆ 2012ರಲ್ಲೇ ಬೋಯಿಂಗ್‌ನ ಸ್ವಂತ ಪರೀಕ್ಷಾ ಪೈಲಟ್ ಒಬ್ಬರಿಗೆ ಸಿಮ್ಯುಲೇಟರಿನಲ್ಲಿ ಹತ್ತು ಸೆಕೆಂಡಿಗೂ ಹೆಚ್ಚು ಬೇಕಾಗಿತ್ತು. ಪರಿಣಾಮ ಘೋರವಾಗುತ್ತಿತ್ತೆಂದು ಅವರೇ ಹೇಳಿದ್ದರು. ಎಫ್‌ಎಎ ಪರವಾಗಿ ಸಹಿ ಹಾಕುವ ನೌಕರರಲ್ಲೇ ಕೆಲವರಿಗೆ ಇದು ಗೊತ್ತಿತ್ತು. ಎಫ್‌ಎಎಗೆ ಗೊತ್ತಿರಲಿಲ್ಲ.

2018ರ ಅಕ್ಟೋಬರ್ 29ರಂದು ಎಂಕ್ಯಾಸ್ ತಪ್ಪಾಗಿ ಮೂಗನ್ನು ಕೆಳಕ್ಕೆ ತಳ್ಳಿ ಲಯನ್ ಏರ್‌ನ ಮ್ಯಾಕ್ಸ್ ವಿಮಾನ ಜಾವಾ ಸಮುದ್ರಕ್ಕೆ ಬಿದ್ದು 189 ಮಂದಿ ಸತ್ತರು. ಡಿಸೆಂಬರ್‌ನಲ್ಲಿ ಎಫ್‌ಎಎ ತಾನೇ ಲೆಕ್ಕ ಹಾಕಿತು: ದೋಷ ಸರಿಯಾಗದಿದ್ದರೆ ಈ ವಿಮಾನಗಳ ಆಯಸ್ಸಿನುದ್ದಕ್ಕೂ ಇಂಥ 15ರಷ್ಟು ಅಪಘಾತಗಳಾಗಬಹುದು. ಆದರೂ ಹಾರಾಟ ನಿಲ್ಲಲಿಲ್ಲ. 2019ರ ಮಾರ್ಚ್ 10ರಂದು ಇಥಿಯೋಪಿಯಾದಲ್ಲಿ ಇನ್ನೊಂದು ಮ್ಯಾಕ್ಸ್ ಅದೇ ರೀತಿ ಬಿದ್ದು ಇನ್ನೂ 157 ಜನ ಹೋದರು. ಚೀನಾ, ಯುರೋಪ್, ಭಾರತ ಇವೆಲ್ಲ ನಿಷೇಧಿಸಿದ ಮೇಲೆಯೇ ಎಫ್‌ಎಎ ಮ್ಯಾಕ್ಸನ್ನು ನೆಲಕ್ಕಿಳಿಸಿದ್ದು.

ತಪ್ಪು ಪೈಲಟ್‌ಗಳದ್ದು, ಒಳ್ಳೆಯ ತರಬೇತಿ ಇದ್ದವರು ಉಳಿಸಿಕೊಳ್ಳುತ್ತಿದ್ದರು ಎಂಬ ವಾದ ಅಮೆರಿಕದಲ್ಲಿ ಬಲವಾಗಿಯೇ ಕೇಳಿಬಂತು. ಆದರೆ ಇಥಿಯೋಪಿಯಾದ ಪೈಲಟ್‌ಗಳು ಸೂಚನೆಯಂತೆ ಬಾಲದ ಅಡ್ಡರೆಕ್ಕೆಯನ್ನು ಹೊರಳಿಸುವ ಮೋಟಾರಿನ ಸ್ವಿಚ್ ಆಫ್ ಮಾಡಿದ್ದರು. ವಿಮಾನ ಹೋಗುತ್ತಿದ್ದ ವೇಗದಲ್ಲಿ ಅಡ್ಡರೆಕ್ಕೆಯನ್ನು ಸರಿಪಡಿಸುವ ಕೈಚಕ್ರ ತಿರುಗಿಸಲು ಅವರಿಂದಾಗಲಿಲ್ಲ. ಎಂಜಿನ್ ಬಲವನ್ನು ತಗ್ಗಿಸದಿದ್ದುದು ಅವರ ಕಡೆಯ ಲೋಪ, ಒಪ್ಪೋಣ. ಆದರೆ ಗಾಬರಿಯಾದ ಮನುಷ್ಯ ಲೋಪವೆಸಗುತ್ತಾನೆ ಎಂಬುದನ್ನು ಮುಂಚೆಯೇ ಲೆಕ್ಕಕ್ಕೆ ಹಿಡಿಯುವುದೇ ವಿನ್ಯಾಸ ಪರಿಶೀಲನೆಯ ಕೆಲಸ. ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು: ಇದೇ ಏರ್ಪಾಡಿನಡಿ ವಿಮಾನಯಾನ ಅಸಾಧಾರಣವಾಗಿ ಸುರಕ್ಷಿತವಾಗಿದೆಯಲ್ಲ, ಎರಡು ಅಪಘಾತಗಳಿಗಾಗಿ ಅದನ್ನು ಕೆಡವಬೇಕೆ? ಕೆಡವುವುದು ಬೇಡ. ಆದರೆ ಆ ಸುರಕ್ಷತೆ ಬಂದದ್ದು ಕಂಪನಿಯವರು ಕಂಡದ್ದನ್ನು ನಿಯಂತ್ರಕರಿಗೆ ಹೇಳುತ್ತಾರೆಂಬ ನಂಬಿಕೆಯಿಂದ. ಹೇಳದಿದ್ದರೆ ಕಂಡುಹಿಡಿಯುವ ಶಕ್ತಿ ನಿಯಂತ್ರಕರಲ್ಲಿ ಉಳಿದಿರಬೇಕು. ಭಾರತದಲ್ಲಿ ಸ್ಪೈಸ್‌ಜೆಟ್, ಜೆಟ್ ಏರ್‌ವೇಸ್‌ಗಳ ಮ್ಯಾಕ್ಸ್ ಹತ್ತಿದವರೂ ನೆಚ್ಚಿಕೊಂಡಿದ್ದು ಅದೇ ಅಮೆರಿಕನ್ ಮೊಹರನ್ನು. ನಮ್ಮಲ್ಲೂ ಪ್ರಶ್ನೆ ಇಲ್ಲದಿಲ್ಲ: ತೇಜಸ್‌ನಂಥ ಯುದ್ಧವಿಮಾನಗಳಿಗೆ ಪ್ರಮಾಣಪತ್ರ ಕೊಡುವ ಬೆಂಗಳೂರಿನ ಸೆಮಿಲಾಕ್ ಸಂಸ್ಥೆ ಇರುವುದು ರಕ್ಷಣಾ ವಿನ್ಯಾಸಗಳನ್ನು ಮಾಡುವ ಡಿಆರ್‌ಡಿಒ ಛತ್ರದಡಿಯಲ್ಲೇ.

2020ರ ಡಿಸೆಂಬರ್‌ನಲ್ಲಿ ಅಮೆರಿಕ ಕಾನೂನು ಬದಲಿಸಿತು. ಸುರಕ್ಷತೆಗೆ ನಿರ್ಣಾಯಕವಾದ ಮಾಹಿತಿಯನ್ನು ಕಂಪನಿ ಮುಚ್ಚಿಡುವಂತಿಲ್ಲ. ಸರ್ಕಾರದ ಪರ ಸಹಿ ಹಾಕುವವರ ನೇಮಕಕ್ಕೆ ಎಫ್‌ಎಎ ಒಪ್ಪಿಗೆ ಬೇಕು. ಕಾರ್ಖಾನೆಯಿಂದ ಹೊರಬರುವ ಪ್ರತಿ ಮ್ಯಾಕ್ಸ್‌ಗೂ ಹಾರಾಟ ಯೋಗ್ಯತೆಯ ಪತ್ರ ಕೊಡುವ ಕೆಲಸವನ್ನು ಎಫ್‌ಎಎ 2019ರಲ್ಲೇ ಬೋಯಿಂಗ್‌ನಿಂದ ವಾಪಸು ಪಡೆದಿತ್ತು. 2025ರ ಸೆಪ್ಟೆಂಬರ್‌ನಲ್ಲಿ ವಾರ ಬಿಟ್ಟು ವಾರ ಅದನ್ನು ಮತ್ತೆ ಕಂಪನಿಗೆ ಬಿಡುವುದಾಗಿ ಪ್ರಕಟಿಸಿತು. ಅದಕ್ಕೆ ನನ್ನ ತಕರಾರಿಲ್ಲ. ಸಿದ್ಧವಾದ ವಿಮಾನ ಒಪ್ಪಿದ ನಕ್ಷೆಯಂತಿದೆಯೇ ಎಂದು ನೋಡುವುದು ವಹಿಸಿಕೊಡಬಹುದಾದ ಕೆಲಸ. ಆ ನಕ್ಷೆಯಲ್ಲಿ 0.6 ಎಂಬುದು 2.5 ಆದ ದಿನ ಅದನ್ನು ಕೇಳಿ ತಿಳಿಯುವ ಎಂಜಿನಿಯರ್ ಮಾತ್ರ ಸರ್ಕಾರದ ಸಂಬಳದವನೇ ಆಗಿರಬೇಕು.