ವೆಬ್‌ಸೈಟ್ ಮೆನುವಿನಲ್ಲಿ 'ನೀವೀಗ ಇಲ್ಲಿದ್ದೀರಿ' ಎಂದು ತೋರಿಸುವುದು ಹೇಗೆ?

ಈಗ ಸಣ್ಣ ವ್ಯಾಪಾರಿಗಳೂ ಅಂಗಡಿಗೊಂದು ವೆಬ್‌ಸೈಟ್ ಮಾಡಿಸ್ತಾರೆ. ಫೋಟೊ, ದರ, ವಾಟ್ಸ್ಆ್ಯಪ್ ನಂಬರ್ ಎಲ್ಲ ಇರುತ್ತದೆ. ಆದರೆ ಗಿರಾಕಿ ಯಾವ ಪುಟದಲ್ಲಿದ್ದಾನೆ ಎಂದು ಮೆನು ಹೇಳುವುದೇ ಇಲ್ಲ.

ಇದರಿಂದ ಏನು ತೊಂದರೆ ಅಂತ ಕೇಳಬಹುದು. ಸೇಲಂ ಸಾಬಕ್ಕಿಗೆ ಹೆಸರಾದ ಊರು. ಉತ್ಪಾದಕರ ಸಹಕಾರ ಸಂಘ 'ಸಾಗೊಸರ್ವ್' ಇರುವುದೂ ಇಲ್ಲೇ. ಸಾದಾ ಸಾಬಕ್ಕಿ, ನೈಲಾನ್ ಸಾಬಕ್ಕಿ ಎರಡನ್ನೂ ಮಾರುವವರ ಸೈಟ್ ಇದೆ ಎಂದುಕೊಳ್ಳಿ. ಮೊಬೈಲ್‌ನ ಸಣ್ಣ ಫೋಟೊದಲ್ಲಿ ಎರಡೂ ಬಿಳಿ ಕಾಳೇ. ಗೂಗಲ್‌ನಿಂದ ನೇರವಾಗಿ ಒಳಪುಟಕ್ಕೆ ಬಂದ ಮಂಗಳೂರಿನ ಗಿರಾಕಿ ಒಂದರ ಪುಟದಲ್ಲಿದ್ದು ಇನ್ನೊಂದರದ್ದು ಅಂದುಕೊಂಡು ಆರ್ಡರ್ ಕೊಟ್ಟರೆ, ಲಾರಿಯಲ್ಲಿ ಹೋದ ಮೂಟೆ ವಾಪಸ್ ಬರುತ್ತದೆ. ಎರಡು ಬಾರಿಯ ಬಾಡಿಗೆ ನಮ್ಮ ಲಾಭದಿಂದಲೇ ಹೋಗುವುದು.

ಪರಿಹಾರ ಸರಳ. ತೆರೆದಿರುವ ಪುಟದ ಹೆಸರನ್ನು ಮೆನುವಿನಲ್ಲಿ ಬೇರೆಯಾಗಿ ಕಾಣಿಸಬೇಕು. ವರ್ಡ್‌ಪ್ರೆಸ್ ಸೈಟ್ ಆದರೆ ಅರ್ಧ ಕೆಲಸ ಆಗಿಯೇ ಇದೆ. ತೆರೆದಿರುವ ಪುಟದ ಮೆನು ಸಾಲಿಗೆ 'ಕರೆಂಟ್-ಮೆನು-ಐಟಂ' ಎಂಬ ಗುರುತನ್ನು ಅದೇ ಹಾಕಿಕೊಳ್ಳುತ್ತದೆ. ಆ ಗುರುತಿಗೆ ಸಿಎಸ್‌ಎಸ್‌ನಲ್ಲಿ ಬಣ್ಣ, ದಪ್ಪಕ್ಷರ ಕೊಟ್ಟರೆ ಸಾಕು. ಕೈಯಲ್ಲಿ ಬರೆದ ಸೈಟ್ ಆದರೆ ಪುಟದ ವಿಳಾಸವನ್ನೂ ಮೆನುವಿನ ಲಿಂಕನ್ನೂ ಹೋಲಿಸಿ, ಎರಡೂ ಒಂದೇ ಆದ ಕಡೆ ಗುರುತು ಹಾಕುವ ನಾಲ್ಕು ಸಾಲಿನ ಕೋಡ್ ಬೇಕು.

ಇಲ್ಲಿ ಒಂದು ತಪ್ಪು ಸಾಮಾನ್ಯ. ಮುಖಪುಟದ ವಿಳಾಸ ಬರೀ ಒಂದು ಓರೆಗೆರೆ. ಎಲ್ಲ ಪುಟಗಳ ವಿಳಾಸವೂ ಅದರಿಂದಲೇ ಶುರುವಾಗುತ್ತದೆ. 'ಶುರು ಒಂದೇ ಇದ್ದರೆ ಗುರುತು ಹಾಕು' ಎಂದು ಬರೆದರೆ ಎಲ್ಲಿ ಹೋದರೂ 'ಹೋಂ' ಹೊಳೆಯುತ್ತಲೇ ಇರುತ್ತದೆ. ಮುಖಪುಟಕ್ಕೆ ಪೂರ್ತಿ ವಿಳಾಸ ಹೊಂದಲೇಬೇಕು ಎಂಬ ನಿಯಮ ಇರಲಿ.

ಬಣ್ಣ ಒಂದನ್ನೇ ನಂಬಬೇಡಿ. ಕೆಂಪು-ಹಸಿರು ವ್ಯತ್ಯಾಸ ಕಾಣದವರು ಇದ್ದಾರೆ. ಬಿಸಿಲಲ್ಲಿ ಮೊಬೈಲ್ ನೋಡುವವರಿಗೂ ತಿಳಿಬಣ್ಣ ಗೊತ್ತಾಗುವುದಿಲ್ಲ. ಬಣ್ಣದ ಜೊತೆ ಅಡಿಗೆರೆಯೋ ದಪ್ಪಕ್ಷರವೋ ಇರಲಿ.

ಕಣ್ಣು ಕಾಣದವರು ಸ್ಕ್ರೀನ್ ರೀಡರ್‌ನಲ್ಲಿ ಪುಟವನ್ನು ಕೇಳುತ್ತಾರೆ. ಬಣ್ಣವಾಗಲಿ ಗೆರೆಯಾಗಲಿ ಅವರಿಗೆ ತಲುಪುವುದಿಲ್ಲ. ಅದಕ್ಕಾಗಿಯೇ 'ಏರಿಯಾ-ಕರೆಂಟ್' ಎಂಬ ಗುಣಸೂಚಕ ಇದೆ. 2017ರ ಡಿಸೆಂಬರ್‌ನಲ್ಲಿ ಡಬ್ಲ್ಯೂ3ಸಿ ಅಂತಿಮಗೊಳಿಸಿದ ಏರಿಯಾ 1.1 ಮಾನದಂಡದಲ್ಲಿ ಇದು ಸೇರಿತು. ಇದಕ್ಕೆ 'ಪೇಜ್' ಎಂಬ ಬೆಲೆ ಕೊಟ್ಟರೆ, ಆ ಲಿಂಕ್ ಓದುವಾಗ 'ಇದು ಈಗಿನ ಪುಟ' ಎಂದೂ ಸ್ಕ್ರೀನ್ ರೀಡರ್ ಹೇಳುತ್ತದೆ. ಒಂದು ಮೆನುವಿನಲ್ಲಿ ಒಂದೇ ಕಡೆ ಇದನ್ನು ಹಾಕಬೇಕು. ಸಿಎಸ್‌ಎಸ್ ಬಣ್ಣವನ್ನೂ ಇದಕ್ಕೇ ಕಟ್ಟಿದರೆ ಒಂದೇ ಗುರುತಿನಲ್ಲಿ ಎರಡೂ ಕೆಲಸ ಮುಗಿಯಿತು.

ಸೈಟ್ ಮಾಡಿಕೊಟ್ಟವರಿಗೆ ಬಾಕಿ ಹಣ ಕೊಡುವ ಮೊದಲು ಪ್ರತಿ ಪುಟವನ್ನೂ ನಿಮ್ಮ ಮೊಬೈಲ್‌ನಲ್ಲೇ ತೆರೆದು ನೋಡಿ. ಮೊಬೈಲ್‌ನಲ್ಲಿ ಮೆನು ಮೂರು ಗೆರೆಯ ಒಳಗೆ ಅಡಗಿರುತ್ತದೆ, ಅದನ್ನೂ ಒತ್ತಿ ನೋಡಿ. ಸರಿಯಾದ ಹೆಸರು, ಅದೊಂದೇ ಹೆಸರು ಎದ್ದು ಕಾಣದಿದ್ದರೆ ಕೆಲಸ ಬಾಕಿ ಇದೆ ಎಂದೇ ಲೆಕ್ಕ.