ಬೊಟ್ಟಿಡುವ ಮೊದಲು ಬಿಚ್ಚಿ ನೋಡಿ

"ಸಾರ್, ನಿಮ್ಮನೇಲಿ ಆಯುಧಪೂಜೆ ಜೋರಾಗಿ ಮಾಡ್ತೀರಿ ಅಲ್ವಾ?"

ಬೆಂಗಳೂರಿನ ಎಸ್.ಪಿ. ರಸ್ತೆಯ ಓಣಿಯೊಂದರಲ್ಲಿ, ಅಟ್ಟದ ಏಣಿಯಂಥ ಮೆಟ್ಟಿಲು ಹತ್ತಿದರೆ ಸಿಗುವ ಪುಟ್ಟ ಅಂಗಡಿ. ಅಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಭಾಯ್ ಹೀಗೆ ಕೇಳಿದಾಗ ತಬ್ಬಿಬ್ಬಾದೆ. ನಮ್ಮ ಮನೆಯ ಸಂಗತಿ ಇವರಿಗೆ ಹೇಗೆ ಗೊತ್ತು? ಅವರು ಮಾತಾಡದೆ, ಆಗಷ್ಟೇ ಬಿಚ್ಚಿದ್ದ ನಮ್ಮ ಸಿಪಿಯು ಡಬ್ಬದೊಳಕ್ಕೆ ಟಾರ್ಚ್ ಬಿಟ್ಟರು. ಮುಂದಿನ ಫ್ಯಾನಿನ ರೆಕ್ಕೆಗಳ ಅಂಚಿಗೆ ಕಂದುಗೆಂಪು ಗೆರೆ ಕಟ್ಟಿತ್ತು. ಹನ್ನೆರಡು ವರ್ಷದ ಕುಂಕುಮ! ಪ್ರತಿ ನವಮಿಗೂ ನಾವು ಭಕ್ತಿಯಿಂದ ಬಳಿದಿದ್ದೆವು, ಅದು ಅಷ್ಟೇ ಶ್ರದ್ಧೆಯಿಂದ ಒಳಗೆಳೆದುಕೊಂಡಿತ್ತು.

ಭಾಯ್ ಧೂಳು ನೋಡಿ ಮನೆ ಹೇಳುವವರು. ಬೆರಳಿಗೆ ಜಿಗುಟಾಗಿ ಅಂಟಿದರೆ ಕಂಪ್ಯೂಟರ್ ಅಡುಗೆಮನೆಯ ಪಕ್ಕದಲ್ಲಿದೆ, ದಿನಾ ಒಗ್ಗರಣೆ ಹೊಗೆ ಕುಡಿಯುತ್ತಿದೆ ಎಂದರ್ಥ. ಬೆಳ್ಳಗೆ, ಹಗುರಾಗಿದ್ದರೆ ಶಾಲೆಯ ಸೀಮೆಸುಣ್ಣ. ಉದ್ದನೆಯ ಎಳೆಗಳು ಬೆಕ್ಕಿನವು. ಹಳದಿ ಜಿಡ್ಡು ಸಿಗರೇಟಿನದು. ನಮ್ಮ ಡಬ್ಬದಲ್ಲಿ ಕುಂಕುಮದ ಜೊತೆಗೆ ಅಗರಬತ್ತಿಯ ಬೂದಿಯೂ ಇತ್ತಂತೆ. ದೇವರ ಮನೆ ಎಷ್ಟು ದೂರದಲ್ಲಿದೆ ಎಂದು ಅವರು ಕೇಳಲಿಲ್ಲ, ಅದೊಂದೇ ಸಮಾಧಾನ.

ನಾನು ಹೋಗಿದ್ದು ಬೇರೆಯದೇ ದೂರು ಹೊತ್ತು. ಒಂದು ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ಬ್ಯಾಂಕು, ಅಂಚೆ, ಪತ್ರಿಕೆ ಯಾವ ತಾಣವೂ ತೆರೆಯಲೊಲ್ಲದು. ಎಲ್ಲ ಕಡೆ ಒಂದೇ ಎಚ್ಚರಿಕೆ, ಈ ಸಂಪರ್ಕ ಸುರಕ್ಷಿತವಲ್ಲ ಎಂದು. ನೆಟ್ ಹುಡುಗ ಬಂದು ರೌಟರ್ ಬದಲಿಸಿದ. ಪಕ್ಕದ ಬೀದಿಯ ಸರ್ವೀಸ್‌ನವರು ವೈರಸ್ ಎಂದು ಘೋಷಿಸಿ, ಎಲ್ಲ ಅಳಿಸಿ ಹೊಸದಾಗಿ ಹಾಕಬೇಕೆಂದರು. ಇನ್ನೊಬ್ಬರು ಇನ್ನೂ ಉದಾರಿಗಳು, ಹೊಸ ಕಂಪ್ಯೂಟರನ್ನೇ ಕೊಳ್ಳಿ ಅಂದರು. ಭಾಯ್ ಪರದೆಯ ಬಲಮೂಲೆಗೆ ಬೆರಳಿಟ್ಟರು. ತಾರೀಖು 2011ರ ಜನವರಿ 1. "ನಿಮ್ಮ ಗಾಡಿ ಚೆನ್ನಾಗಿದೆ ಸಾರ್. ಮರೆವು ಅಷ್ಟೇ."

ಮರೆವಿಗೆ ಕಾರಣ, ಒಳಗಿನ ಬೋರ್ಡಿಗೆ ಸಿಕ್ಕಿಸಿದ ಒಂದು ಬೆಳ್ಳಿಬಿಲ್ಲೆ. ರಿಪೇರಿಯವರ ಬಾಯಲ್ಲಿ ಅದು ಸಿಮಾಸ್ ಸೆಲ್. ಮೂವತ್ತು ರೂಪಾಯಿ. ಅಂದಿನಿಂದ ಇದರ ಮೇಲೆ ನನಗೆ ಎಂಥ ಮೋಹ ಹತ್ತಿದೆಯೆಂದರೆ, ಮನೆಯವರೆಲ್ಲ ನಾನು ಬಾಯಿ ತೆರೆದರೆ ಎದ್ದು ಹೋಗುತ್ತಾರೆ. ಓದುಗರು ದಯವಿಟ್ಟು ಕೂತಿರಿ.

ಬಿಲ್ಲೆಯ ಮೇಲೆ ಸಿಆರ್ 2032 ಎಂದು ಬರೆದಿರುತ್ತದೆ. ಅದು ಬರಿಯ ನಂಬರಲ್ಲ, ಅಳತೆ: ಅಡ್ಡಳತೆ 20 ಮಿಲಿಮೀಟರ್, ದಪ್ಪ 3.2. ಹೊಸದಿದ್ದಾಗ 3 ವೋಲ್ಟ್ ಕೊಡುತ್ತದೆ. ಮನೆಯಲ್ಲಿ ಕರೆಂಟು ಇಲ್ಲದಾಗಲೂ ಕಂಪ್ಯೂಟರಿನ ಗಡಿಯಾರ ನಡೆಸುವುದು ಇದರ ಕೆಲಸ. ಗಡಿಯಾರದ ಎದೆಬಡಿತವೋ, ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ಸ್ಫಟಿಕದ್ದು. ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆಯೇ ಯಾಕೆ? ಅದನ್ನು ಅರ್ಧ, ಅರ್ಧ ಎಂದು ಹದಿನೈದು ಸಲ ಮಾಡಿ ನೋಡಿ, ಸರಿಯಾಗಿ ಒಂದು ಉಳಿಯುತ್ತದೆ. ಆ ಒಂದೇ ಒಂದು ಸೆಕೆಂಡು. ನಿಮ್ಮ ಕೈಗಡಿಯಾರದೊಳಗೂ ಇದೇ ಲೆಕ್ಕ.

1981ರಲ್ಲಿ ಐಬಿಎಂ ತನ್ನ ಮೊದಲ ಪಿಸಿ ಮಾರಿದಾಗ ಅದಕ್ಕೆ ಈ ಭಾಗ್ಯವಿರಲಿಲ್ಲ. ದಿನಾ ಎಬ್ಬಿಸಿದ ಕೂಡಲೇ ಇವತ್ತು ತಾರೀಖು ಎಷ್ಟು ಎಂದು ಕೇಳುತ್ತಿತ್ತು. ಉತ್ತರ ಹೇಳದಿದ್ದರೆ 1980ರ ಜನವರಿ 1ಕ್ಕೆ ಹೋಗಿ ಕೂರುತ್ತಿತ್ತು. 1984ರ ಎಟಿ ಮಾದರಿಯಲ್ಲಿ ಮೊಟೊರೊಲಾದ ಗಡಿಯಾರದ ಚಿಪ್ಪೂ ಬ್ಯಾಟರಿಯೂ ಬಂದವು. ಮುಂದೆ ಡಲ್ಲಾಸ್ ಎಂಬ ಕಂಪನಿ ಚಿಪ್ಪು, ಸ್ಫಟಿಕ, ಬ್ಯಾಟರಿ ಮೂರನ್ನೂ ಒಂದೇ ಕಪ್ಪು ಇಟ್ಟಿಗೆಯಲ್ಲಿ ಎರಕ ಹೊಯ್ದು ಮಾರಿತು. ಬ್ಯಾಟರಿ ಸತ್ತರೆ ಬದಲಿಸುವ ದಾರಿಯೇ ಇಲ್ಲ. ಹಳೆಯ ಯಂತ್ರಗಳನ್ನು ಸಾಕುವ ಹವ್ಯಾಸಿಗಳು ಇವತ್ತಿಗೂ ಆ ಇಟ್ಟಿಗೆಯನ್ನು ಅರದಿಂದ ಉಜ್ಜಿ, ಒಳಗಿನ ತಂತಿ ಹುಡುಕಿ, ಹೊರಗಿನಿಂದ ಬಿಲ್ಲೆ ಬೆಸೆಯುತ್ತಾರೆ. ಸುಲಭವಾಗಿ ಬಿಚ್ಚಿ ತೆಗೆಯುವಂತೆ ಬಿಲ್ಲೆಯನ್ನು ಬೋರ್ಡಿನ ಮೇಲೇ ಇಟ್ಟ ಪುಣ್ಯಾತ್ಮರಿಗೆ ಕೈಮುಗಿಯಬೇಕು.

ತಾರೀಖು ತಪ್ಪಿದರೆ ನೆಟ್ ಯಾಕೆ ನಿಲ್ಲಬೇಕು? ಪ್ರತಿ ಸುರಕ್ಷಿತ ತಾಣಕ್ಕೂ ಒಂದು ಪ್ರಮಾಣಪತ್ರವಿದೆ, ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿಯಿದೆ. 2011ರಲ್ಲಿ ಕೂತ ಯಂತ್ರದ ಕಣ್ಣಿಗೆ ಇಂದಿನ ಪ್ರಮಾಣಪತ್ರಗಳು ಇನ್ನೂ ಹುಟ್ಟೇ ಇಲ್ಲ. ಹುಟ್ಟದವರ ಕಾಗದವನ್ನು ಯಾರು ನಂಬುತ್ತಾರೆ?

ಇದಕ್ಕಿಂತ ಸೋಜಿಗದ ಮಾತನ್ನು ಭಾಯ್ ಕೊನೆಗೆ ಹೇಳಿದರು. ಪ್ಲಗ್ಗಿಗೆ ಕರೆಂಟು ಹರಿಯುತ್ತಿದ್ದರೆ, ಕಂಪ್ಯೂಟರ್ ಆಫ್ ಆಗಿದ್ದರೂ ಗಡಿಯಾರ ಆ ಕರೆಂಟಿನಿಂದಲೇ ನಡೆಯುತ್ತದೆ, ಬಿಲ್ಲೆ ಸವೆಯುವುದಿಲ್ಲ. ಗೋಡೆಯ ಸ್ವಿಚ್ ಆರಿಸಿದ ಮೇಲಷ್ಟೇ ಇದರ ಪಾಳಿ ಶುರು. "ರಾತ್ರಿ ಬೋರ್ಡ್ ಸ್ವಿಚ್ ಯಾರು ಆಫ್ ಮಾಡೋದು ಸಾರ್?" ಅಮ್ಮ. ಮೂವತ್ತು ವರ್ಷದಿಂದ ಮನೆಯ ಒಂದು ಸ್ವಿಚ್ಚನ್ನೂ ಬಿಡದೆ ಆರಿಸಿ ಮಲಗುವ ಅಮ್ಮ.

ಸರಿ, ಬಿಲ್ಲೆಯ ಪುರಾಣ ಸಾಕು. ಚಪ್ಪಲಿ ಹೊರಗೆ ಬಿಟ್ಟು ಕಂಪ್ಯೂಟರ್ ಲ್ಯಾಬಿಗೆ ಕಾಲಿಟ್ಟ ತಲೆಮಾರು ನಮ್ಮದು. ಎ.ಸಿ. ಕೋಣೆ, ಮಾನಿಟರಿಗೆ ಹೊಲಿಸಿದ ಕವರ್, ಮುಟ್ಟಿದರೆ ಮೈಲಿಗೆ. ಆ ಮಡಿಯಲ್ಲಿ ಅರ್ಧ ವಿಜ್ಞಾನವಿತ್ತು, ಧೂಳು ನಿಜಕ್ಕೂ ಶತ್ರು. ಇನ್ನರ್ಧ ಬರೀ ಭಯ. ಧೂಳು ಬಿದ್ದಿದೆಯೆಂದು ಗೊತ್ತಿದ್ದರೂ ನಾಲ್ಕು ಸ್ಕ್ರೂ ಬಿಚ್ಚುವ ಧೈರ್ಯ ನಮಗೆ ಬರಲೇ ಇಲ್ಲ. ಆಯುಧಪೂಜೆಗೆ ಸ್ಕೂಟರನ್ನು ಉಜ್ಜಿ ತೊಳೆದ ಮೇಲೆ ಬೊಟ್ಟಿಡುತ್ತೇವೆ. ಕಂಪ್ಯೂಟರಿಗೆ ಮಾತ್ರ ಧೂಳಿನ ಮೇಲೇ ಅರಿಶಿನ ಕುಂಕುಮ. ನನ್ನ ವಾದ ಇಷ್ಟೇ: ವರ್ಷಕ್ಕೊಮ್ಮೆ, ಹಬ್ಬದ ಹಿಂದಿನ ದಿನ, ಬೊಟ್ಟಿಡುವ ಮೊದಲು ಅದನ್ನು ಬಿಚ್ಚಿ.

ಬಿಚ್ಚುವ ಕ್ರಮವನ್ನು ಭಾಯ್ ಮಾಡಿ ತೋರಿಸಿದರು. ಮೊದಲು ಪ್ಲಗ್ ಕೀಳಬೇಕು, ಆಮೇಲೆ ಪವರ್ ಗುಂಡಿಯನ್ನು ಹತ್ತು ಎಣಿಸುವವರೆಗೆ ಒತ್ತಿ ಒಳಗೆ ಉಳಿದ ಕರೆಂಟು ಖಾಲಿ ಮಾಡಬೇಕು. ಬೋರ್ಡ್ ಮುಟ್ಟುವ ಮೊದಲು ಡಬ್ಬದ ಬರಿಯ ಲೋಹ ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ ಇಳಿಸಿಕೊಳ್ಳಬೇಕು. ಮೃದುವಾದ ಬ್ರಷ್ಷಿನಿಂದ ಧೂಳು ಸಡಿಲಿಸಿ, ಬಾಲ್ಕನಿಗೆ ಒಯ್ದು ಬ್ಲೋವರ್ ಹಿಡಿಯಬೇಕು. ಆಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿದಿರಿ, ಗಾಳಿಯ ರಭಸಕ್ಕೆ ಗಿರಗಿರ ತಿರುಗಿದರೆ ಅದರ ಬೇರಿಂಗ್ ಕೆಡುತ್ತದೆ. ಕರೆಂಟಿನ ಡಬ್ಬವಾದ ಎಸ್‌ಎಂಪಿಎಸ್ ಅನ್ನು ಮಾತ್ರ ಬಿಚ್ಚಲೇಬೇಡಿ. ಅದರೊಳಗಿನ ಕೆಪಾಸಿಟರ್ ಮುನ್ನೂರು ವೋಲ್ಟಿಗೂ ಹೆಚ್ಚು ತುಂಬಿಕೊಂಡಿರುತ್ತದೆ, ಪ್ಲಗ್ ಕಿತ್ತ ಕೂಡಲೇ ಸಾಧುವಾಗುವ ಪ್ರಾಣಿಯಲ್ಲ.

ಕಂಪ್ಯೂಟರ್ ನಿಧಾನ ಎಂದು ಗೊಣಗುವವರ ಮನೆಗಳಲ್ಲಿ ಎಷ್ಟೋ ಸಲ ತಪ್ಪು ಬಿಸಿಯದ್ದು. ಪ್ರೊಸೆಸರ್ ಕಾದು ನೂರು ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರ ಹೋದರೆ ಸುಟ್ಟುಕೊಳ್ಳದಿರಲು ತಾನೇ ವೇಗ ತಗ್ಗಿಸುತ್ತದೆ. ಅದಕ್ಕೂ ಮೇಲಿನ ಲೋಹದ ದಿಮ್ಮಿಗೂ ನಡುವೆ ಶಾಖ ದಾಟಿಸುವ ಪೇಸ್ಟ್ ವರ್ಷಗಳಾದ ಮೇಲೆ ಒಣಗಿ ಹಕ್ಕಳೆಯಾಗುತ್ತದೆ. ಭಾಯ್ ಹಳೆಯದನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಬಟಾಣಿಯಷ್ಟು ಹೊಸದನ್ನು ಇಟ್ಟರು. ನಾನಾಗಿದ್ದರೆ ಬ್ರೆಡ್ಡಿಗೆ ಜಾಮ್ ಸವರಿದಂತೆ ಸವರುತ್ತಿದ್ದೆ. ಬೀಪ್ ಬೀಪ್ ಎಂದು ಕೂಗಿ ಏಳದ ಯಂತ್ರಕ್ಕೆ ರ‍್ಯಾಮ್ ಪಟ್ಟಿ ಕಿತ್ತು ರಬ್ಬರಿನಿಂದ ಉಜ್ಜುವ ನಮ್ಮೂರ ವೈದ್ಯವೂ ಫಲಿಸುತ್ತದೆ. ಆದರೆ ಮೆಲ್ಲಗೆ, ಅಲ್ಲಿರುವುದು ತೆಳುವಾದ ಚಿನ್ನದ ಲೇಪ.

ಯುಪಿಎಸ್ ಒಳಗಿನ 12 ವೋಲ್ಟಿನ ಬ್ಯಾಟರಿಗೆ ಎರಡು ಮೂರು ವರ್ಷದ ಆಯುಷ್ಯ. ಕರೆಂಟು ಹೋದ ಕ್ಷಣಕ್ಕೇ ಕಂಪ್ಯೂಟರ್ ಆರಿದರೆ ಅದು ಮುಗಿದಿದೆಯೆಂದು ತಿಳಿಯಿರಿ. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಸಿಕ್ಕಿಸಬೇಡಿ, ಬಿಸಿಯಾಗುವ ಗಳಿಗೆಯಲ್ಲಿ ಪ್ರಿಂಟರ್ ಎಳೆಯುವ ಕರೆಂಟನ್ನು ಅದು ತಾಳಲಾರದು.

ಒಂದು ಗುಂಡಿ ಒತ್ತಿದರೆ ಕಂಪ್ಯೂಟರ್ ಚುರುಕಾಗುತ್ತದೆ ಎನ್ನುವ ಸ್ವಚ್ಛತಾ ತಂತ್ರಾಂಶಗಳ ಮೇಲೆ ನನಗೆ ನಂಬಿಕೆಯಿಲ್ಲ. ಅವು ಕಸ ಗುಡಿಸಲು ಬಂದು ಮನೆಯಲ್ಲೇ ಬೀಡುಬಿಡುವ ನೆಂಟರು. ಆ ದುಡ್ಡಿಗೆ ಇನ್ನಷ್ಟು ಸೇರಿಸಿ, ತಿರುಗುವ ಹಾರ್ಡ್‌ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಹಾಕಿಸಿದರೆ ಹಳೆಯ ಯಂತ್ರಕ್ಕೂ ಹೊಸ ಕಾಲು ಬರುತ್ತದೆ. ಅದಕ್ಕೆ ಮೊದಲು ಡಿಸ್ಕಿನಲ್ಲಿರುವುದರ ನಕಲು ತೆಗೆಯಿರಿ. ನನ್ನದರಲ್ಲಿ ತೀರಿಹೋದ ಅಪ್ಪ ನುಡಿ ತಂತ್ರಾಂಶದಲ್ಲಿ ಟೈಪಿಸಿಟ್ಟ ಪತ್ರಗಳಿದ್ದವು. ಎಲ್ಲ ಅಳಿಸಿ ಹೊಸದಾಗಿ ಹಾಕಬೇಕೆಂದ ಆ ಸರ್ವೀಸ್‌ನವರ ಮಾತು ಕೇಳಿದ್ದರೆ, ಮೂವತ್ತು ರೂಪಾಯಿಯ ಬಿಲ್ಲೆಗಾಗಿ ಅವನ್ನು ಕಳೆದುಕೊಳ್ಳುತ್ತಿದ್ದೆ. ಈಗ ಎರಡು ಪ್ರತಿ ಮಾಡಿಸಿದ್ದೇನೆ, ಒಂದು ತಂಗಿಯ ಮನೆಯಲ್ಲಿದೆ.

ಯಂತ್ರ ಅಮರವೆಂದು ಹೇಳುತ್ತಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ನಮ್ಮಂಥ ಹಳೆಯ ಪ್ರೊಸೆಸರುಗಳಿಗೆ ವಿಂಡೋಸ್ 11ರ ಪಂಕ್ತಿಯಲ್ಲಿ ಎಲೆ ಹಾಕಿಲ್ಲ. ಭಾಯ್ ಅದಕ್ಕೆ ಲಿನಕ್ಸ್ ಹಾಕಿಕೊಟ್ಟರು. ಒಂದು ವಾರ ಪರದಾಡಿದೆ, ಈಗ ಈ ಲೇಖನವನ್ನು ಅದರಲ್ಲೇ ಬರೆಯುತ್ತಿದ್ದೇನೆ.

ಡಬ್ಬ ಮುಚ್ಚುವ ಮೊದಲು ಭಾಯ್ ಒಳಗೋಡೆಗೆ ಕಾಗದದ ಟೇಪು ಅಂಟಿಸಿ, ಬಿಲ್ಲೆ ಹಾಕಿದ ತಾರೀಖು ಬರೆದರು. ಬ್ಲೋವರ್ ಹಿಡಿದಾಗ ಕುಂಕುಮ ಎದ್ದು ಅವರ ಬಿಳಿ ಜುಬ್ಬಾದ ತೋಳಿಗೆ ಹತ್ತಿತ್ತು. ಕೊಡವಿಕೊಂಡು, "ಮುಂದಿನ ಸಲ ನೀವೇ ಹಾಕ್ಕೊಳ್ಳಿ ಸಾರ್, ಇಷ್ಟಕ್ಕೆ ಆಟೊ ಖರ್ಚು ಯಾಕೆ?" ಅಂದರು.

ಮನೆಗೆ ಬಂದು ಅಮ್ಮನಿಗೆ ಸ್ವಿಚ್ಚಿನ ರಹಸ್ಯ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು. "ಮಳೆಗಾಲದಲ್ಲಿ ಸಿಡಿಲು ಬಡಿದರೆ ನಿನ್ನ ಭಾಯ್ ಬಂದು ಉಳಿಸ್ತಾರಾ?" ಅಂದರು. ಉತ್ತರವಿರಲಿಲ್ಲ, ಯಾಕೆಂದರೆ ಮಾತು ನಿಜ. ರಾತ್ರಿ ಎಂದಿನಂತೆ ಟಪ್ ಎಂದು ಸ್ವಿಚ್ ಆರಿತು. ನಾನು ಇನ್ನೊಂದು ಸಿಆರ್ 2032 ತಂದು ಬೀರುವಿನ ಮೇಲಿನ ಅರೆಯಲ್ಲಿ ಇಟ್ಟಿದ್ದೇನೆ. ತಂಗಿಯ ಮಗು ಆಗಾಗ ಬರುತ್ತದೆ, ಇಂಥ ಬಿಲ್ಲೆ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಲ್ಲದು. ಈ ಸಲ ನವಮಿಗೆ ಬೊಟ್ಟನ್ನು ಡಬ್ಬದ ನೆತ್ತಿಗೆ ಇಡುವುದೆಂದು ತೀರ್ಮಾನವಾಗಿದೆ, ಫ್ಯಾನಿನಿಂದ ದೂರ.