ಹೊಗೆ, ಪೀಪಾಯಿ, ನೀರು: ಸ್ಕಾಚಿನ ಆಯ್ಕೆ

ತೆಂಗಿನ ಕಳ್ಳಿಗೂ ಬೈನೆಯ ಕಳ್ಳಿಗೂ ಇರುವ ಅಂತರವನ್ನು ನಾಲಗೆಗೆ ತಾಗಿದೊಡನೆ ಹೇಳಬಲ್ಲವರು, ಅದು ಬೆಳಗ್ಗೆ ಇಳಿಸಿದ್ದೊ ಸಂಜೆಯವರೆಗೆ ಉಳಿದು ಹುಳಿಯೇರಿದ್ದೊ ಎಂಬುದನ್ನು ಕುಡಿಯುವ ಮೊದಲೇ ಮೂಗಿನಿಂದ ನಿರ್ಣಯಿಸಬಲ್ಲವರು, ಗೇರುಹಣ್ಣಿನ ಸಾರಾಯಿಯ ಘಾಟನ್ನು ಗುಡ್ಡದ ಆಚೆಯಿಂದಲೇ ಗುರುತು ಹಿಡಿಯುವವರು ಪುತ್ತೂರು, ಸುಳ್ಯ, ಕಡಬಗಳ ಸೀಮೆಯಲ್ಲಿ ಇಂದಿಗೂ ವಿರಳರಲ್ಲ. ಆದರೆ ಕೊಲ್ಲಿಯ ನಾಡಿನಿಂದ ರಜೆಗೆ ಬಂದ ಭಾವನೋ ತಮ್ಮನೋ ವಿಮಾನ ನಿಲ್ದಾಣದ ಸುಂಕರಹಿತ ಅಂಗಡಿಯಲ್ಲಿ ಕೊಂಡ ಸ್ಕಾಚ್ ಬಾಟಲಿಯನ್ನು ಮೇಜಿನ ಮೇಲಿರಿಸಿದನೆಂದರೆ, ಇದೇ ರಸಜ್ಞರು ಮೂಗು ನಾಲಗೆಗಳೆರಡಕ್ಕೂ ವಿರಾಮ ಕೊಟ್ಟು, ‘ಎಷ್ಟು ವರ್ಷದ್ದು? ರೇಟು ಎಷ್ಟು?’ ಎಂಬ ಎರಡೇ ಪ್ರಶ್ನೆಗಳಲ್ಲಿ ಪರೀಕ್ಷೆಯನ್ನು ಮುಗಿಸಿಬಿಡುತ್ತಾರೆ. ಕಳ್ಳಿಗೆ ಸಲ್ಲುವ ವಿವೇಚನೆ ಸ್ಕಾಚಿಗೂ ಸಲ್ಲಬೇಕೆಂಬುದೇ ಈ ಅಧ್ಯಾಯದ ವಾದ.

ಸ್ಕಾಚ್ ಎನಿಸಿಕೊಳ್ಳಲು ಕಾಯಿದೆಯ ಕಟ್ಟುಪಾಡು ಸಾಕಷ್ಟಿದೆ. 2009ರ ಬ್ರಿಟಿಷ್ ನಿಯಮಾವಳಿಯಂತೆ ಅದು ಸ್ಕಾಟ್ಲೆಂಡಿನಲ್ಲಿಯೇ ಭಟ್ಟಿ ಇಳಿದು, 700 ಲೀಟರಿಗೆ ಮೀರದ ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಅಲ್ಲಿಯೇ ಮಾಗಿರಬೇಕು. ಬಾಟಲಿಯಲ್ಲಿ ಮದ್ಯಸಾರ ಶೇಕಡಾ 40ಕ್ಕೆ ಕಡಮೆಯಾಗಕೂಡದು. ನೀರು ಮತ್ತು ಬಣ್ಣಕ್ಕಾಗಿ ಕ್ಯಾರಮೆಲ್ ವಿನಾ ಬೇರೇನನ್ನೂ ಬೆರೆಸುವಂತಿಲ್ಲ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯೊಂದರಿಂದಲೇ, ಒಂದೇ ಭಟ್ಟಿಖಾನೆಯಲ್ಲಿ, ತಾಮ್ರದ ಹಂಡೆಗಳಲ್ಲಿ ಇಳಿಸಿದ್ದು ಸಿಂಗಲ್ ಮಾಲ್ಟ್. ಹಲವು ಭಟ್ಟಿಖಾನೆಗಳ ಮಾಲ್ಟುಗಳನ್ನು ಗೋಧಿ ಮೆಕ್ಕೆಜೋಳಗಳಂಥ ಧಾನ್ಯಗಳ ಹಗುರವಾದ ವ್ಹಿಸ್ಕಿಯೊಡನೆ ಬೆರೆಸಿದ್ದು ಬ್ಲೆಂಡೆಡ್. ನಮ್ಮ ವೈನ್ ಶಾಪುಗಳಲ್ಲಿ ಕಾಣುವ ಟೀಚರ್ಸ್, ಬ್ಲ್ಯಾಕ್ ಅಂಡ್ ವೈಟ್ ಮುಂತಾದವು ಈ ಎರಡನೆಯ ಜಾತಿಯವು, ಸ್ಕಾಟ್ಲೆಂಡಿನಿಂದ ಬೃಹತ್ಪ್ರಮಾಣದಲ್ಲಿ ಬಂದು ಭಾರತದಲ್ಲಿ ಬಾಟಲಿಗೆ ತುಂಬಿಸಿಕೊಳ್ಳುವಂಥವು. ಬ್ಲೆಂಡೆಡ್ ಎಂದೊಡನೆ ಮೂಗು ಮುರಿಯುವವರ ಮಾತಿಗೆ ನಾನು ಬೆಲೆ ಕೊಡಲಾರೆ; ಸಾಮರಸ್ಯವನ್ನು ಬಯಸುವ ನಾಲಗೆಗೆ ಒರಟು ಸಿಂಗಲ್ ಮಾಲ್ಟಿಗಿಂತ ಒಳ್ಳೆಯ ಬ್ಲೆಂಡೇ ಹಿತ.

ಆಯ್ಕೆಯ ಮೊದಲ ಕವಲು ಹೊಗೆ. ಮೊಳೆತ ಬಾರ್ಲಿಯನ್ನು ಒಣಗಿಸುವಾಗ ಪೀಟ್ ಎಂಬ ಇಂಧನವನ್ನು, ಎಂದರೆ ಜೌಗುನೆಲದಲ್ಲಿ ಸಹಸ್ರಾರು ವರ್ಷ ಅರೆಕೊಳೆತು ಅಡಕಗೊಂಡ ಸಸ್ಯರಾಶಿಯನ್ನು, ಉರಿಸಿದರೆ ಅದರ ಹೊಗೆಯಲ್ಲಿರುವ ಫೀನಾಲ್ ವರ್ಗದ ದ್ರವ್ಯಗಳು ಕಾಳಿಗೆ ಅಂಟಿಕೊಂಡು, ನೆನೆತ, ಹುದುಗು, ಎರಡು ಬಾರಿಯ ಭಟ್ಟಿ, ವರ್ಷಗಳ ಮಾಗುವಿಕೆ ಎಲ್ಲವನ್ನೂ ದಾಟಿ ಲೋಟದವರೆಗೆ ಬರುತ್ತವೆ. ಪಶ್ಚಿಮ ಕರಾವಳಿಯ ಐಲಾ ದ್ವೀಪದ ಲಾಫ್ರೋಯ್ಗ್, ಆರ್ಡ್‌ಬೆಗ್, ಲಾಗಾವುಲಿನ್‌ಗಳು ಈ ಹೊಗೆಗೆ ಪ್ರಸಿದ್ಧ. ಆರ್ಡ್‌ಬೆಗ್ಗಿನ ಮಾಲ್ಟಿನಲ್ಲಿ ಫೀನಾಲು ದಶಲಕ್ಷಕ್ಕೆ ಸುಮಾರು 55 ಭಾಗವೆಂದು ಹೇಳುತ್ತಾರೆ. ಈ ಅಂಕೆ ಕಾಳಿನದು, ಬಾಟಲಿಯೊಳಗಿನದು ಇದಕ್ಕಿಂತ ಬಹಳ ಕಡಮೆ. ಸುಳ್ಯ, ಕಡಬಗಳ ರಬ್ಬರ್ ತೋಟದಲ್ಲಿ, ಶೀಟುಗಳನ್ನು ಬಿದಿರಗಳುಗಳ ಮೇಲೆ ಸಾಲಾಗಿ ತೂಗಿಬಿಟ್ಟು ಹೊಗೆಗಿಡುವ ಕೋಣೆಯ ಬಾಗಿಲನ್ನು ಮುಂಜಾನೆ ತೆರೆದವರಿಗೆ ಮುಖಕ್ಕೆ ಬಡಿಯುವ ಆ ದಟ್ಟವಾದ, ತುಸು ಔಷಧದಂತಹ, ತುಸು ಟಾರಿನಂತಹ ವಾಸನೆ ಯಾವುದೋ, ಐಲಾದ ಬಾಟಲಿಯ ಮುಚ್ಚಳ ತೆಗೆದಾಗ ಬರುವುದು ಅದಕ್ಕೆ ದೂರದ್ದಲ್ಲ. ಆ ವಾಸನೆಯಲ್ಲಿ ಬೆಳೆದು ಅದನ್ನು ಮೆಚ್ಚುವವರಿದ್ದಾರೆ, ಸಹಿಸದವರೂ ಇದ್ದಾರೆ. ಎರಡನೆಯವರು ಎಷ್ಟೇ ಹೊಗಳಿಕೆ ಕೇಳಿದ್ದರೂ ಐಲಾದ ಗೋಜಿಗೆ ಹೋಗದೆ, ಹೊಗೆಯಿಲ್ಲದ ಗ್ಲೆನ್‌ಲಿವೆಟ್, ಗ್ಲೆನ್‌ಫಿಡಿಕ್‌ಗಳಂಥ ಸ್ಪೇಸೈಡ್ ಪ್ರಾಂತದ ಮಾಲ್ಟುಗಳಿಂದ ತೊಡಗುವುದು ಲೇಸು. ಹೊಗೆ ಬೇಕು, ಆದರೆ ಹಿತಮಿತವಾಗಿ ಬೇಕು ಎನ್ನುವವರಿಗೆ ಆರ್ಕ್ನಿ ದ್ವೀಪಗಳ ಹೈಲ್ಯಾಂಡ್ ಪಾರ್ಕ್ ಇದೆ.

ಎರಡನೆಯ ಕವಲು ಪೀಪಾಯಿ. ಭಟ್ಟಿಯಿಂದ ಇಳಿದ ದ್ರವ ನೀರಿನಂತೆ ನಿರ್ವರ್ಣ. ಅದರ ಸಹಜವಾದ ಬಣ್ಣವೆಲ್ಲ, ಪರಿಮಳದ ಬಹುಪಾಲು, ಮರ ಕೊಟ್ಟದ್ದು. ಅಮೆರಿಕದ ಬರ್ಬನ್ ಮದ್ಯವನ್ನು ಅಲ್ಲಿನ ಕಾಯಿದೆಯಂತೆ ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿಯೇ ಇಡಬೇಕಾದುದರಿಂದ, ಒಮ್ಮೆ ಬಳಸಿದವು ಲಕ್ಷಗಟ್ಟಲೆಯಾಗಿ ಸ್ಕಾಟ್ಲೆಂಡಿಗೆ ಸಾಗುತ್ತವೆ. ಆ ಮರದೊಳಗಿನ ಲ್ಯಾಕ್ಟೋನ್ ಎಂಬ ದ್ರವ್ಯದಿಂದ ವ್ಹಿಸ್ಕಿಗೆ ತೆಂಗಿನಕಾಯಿಯ ಕಂಪೂ, ಇನ್ನೊಂದರಿಂದ ವೆನಿಲ್ಲಾದ ಕಂಪೂ ಬರುತ್ತದೆ. ಗ್ಲೆನ್‌ಮೊರಾಂಜಿಯಲ್ಲಿ ಇದನ್ನು ಸ್ಪಷ್ಟವಾಗಿ ಕಾಣಬಹುದು. ಸ್ಪೇನಿನ ಶೆರ್ರಿ ದ್ರಾಕ್ಷಾಮದ್ಯವನ್ನು ತುಂಬಿಟ್ಟಿದ್ದ ಪೀಪಾಯಿಗಳಾದರೋ ಒಣದ್ರಾಕ್ಷಿ, ಅಂಜೂರ, ಲವಂಗಗಳ ಕಡೆಗೆ ರುಚಿಯನ್ನು ಒಯ್ಯುತ್ತವೆ. ಮೆಕ್ಯಾಲನ್, ಗ್ಲೆನ್‌ಡ್ರೋನಕ್ ಈ ಸಂಪ್ರದಾಯದವು. ಸಿಹಿಯ ಕಡೆಗೆ ಒಲವಿರುವವರು ಲೇಬಲ್ಲಿನ ಮೇಲೆ ಶೆರ್ರಿ ಎಂಬ ಪದವನ್ನು ಹುಡುಕಲಿ. ಗಾಢವರ್ಣವನ್ನು ಮಾತ್ರ ನಂಬಬೇಡಿ, ಅದು ಕ್ಯಾರಮೆಲ್ಲಿನದೂ ಆಗಿರಬಹುದು.

ಇನ್ನು ವಯಸ್ಸು. ಲೇಬಲ್ಲಿನ 12 ಅಥವಾ 18 ಎಂಬುದು ಬಾಟಲಿಯೊಳಗಿನ ಅತಿ ಕಿರಿಯ ವ್ಹಿಸ್ಕಿ ಮರದಲ್ಲಿ ಕಳೆದ ಕಾಲ. ಗಾಜಿಗಿಳಿದ ಮೇಲೆ ಅದು ಬೆಳೆಯುವುದಿಲ್ಲ, ಆದಕಾರಣ ಕಪಾಟಿನಲ್ಲಿ ಹತ್ತು ವರ್ಷ ಕಾಯ್ದಿರಿಸಿದ್ದಕ್ಕೆ ಗೌರವವಲ್ಲದೆ ಗುಣ ಸೇರದು. ಮರದಲ್ಲಿಯೂ ವರ್ಷಗಳೇ ಸರ್ವಸ್ವವಲ್ಲವೆಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ನಿದರ್ಶನವಿದೆ. 1948ರಲ್ಲಿ ರಾಧಾಕೃಷ್ಣ ಜಗದಾಳೆಯವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಅಮೃತ್ ಡಿಸ್ಟಿಲರೀಸ್ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಮೊದಲು ಬಿಡುಗಡೆ ಮಾಡಿದ್ದು ತವರಿನಲ್ಲಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ಕಮ್ಮಾರನ ಬೀದಿಯಲ್ಲಿ ಸೂಜಿ ಮಾರುವ ಧೈರ್ಯವೇ ಸರಿ. ಸ್ಕಾಟ್ಲೆಂಡಿನ ತಂಪಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇಕಡಾ 2ರಷ್ಟು ಆವಿಯಾಗಿ ಹೋದರೆ, ಬೆಂಗಳೂರಿನಲ್ಲಿ ಹೋಗುವುದು ಶೇಕಡಾ 10ಕ್ಕೂ ಮೇಲೆ. ದೇವದೂತರ ಪಾಲೆಂದು ಸ್ಕಾಟ್ಲೆಂಡಿನವರು ಹೇಳುವ ಈ ನಷ್ಟದ ಲೆಕ್ಕದಲ್ಲಿ ಎಂಟು ವರ್ಷ ಇಟ್ಟರೆ ಅರ್ಧಕ್ಕಿಂತ ಹೆಚ್ಚು ಗಾಳಿಗೆ ಸೇರುತ್ತದೆ. ಅಮೃತ್ ಸಂಸ್ಥೆ ನಿಜಕ್ಕೂ ಎಂಟು ವರ್ಷ ಮಾಗಿಸಿ ಹೊರತಂದ ಬಾಟಲಿಗೆ ಗ್ರೀಡಿ ಏಂಜಲ್ಸ್, ಎಂದರೆ ದುರಾಸೆಯ ದೇವದೂತರು, ಎಂದು ಹೆಸರಿಟ್ಟದ್ದು ಈ ಕಾರಣದಿಂದ. ನಷ್ಟದೊಡನೆ ಮಾಗುವಿಕೆಯೂ ಶೀಘ್ರ. ಭಾರತದ ಬಾರ್ಲಿಯನ್ನೂ ಸ್ಕಾಟ್ಲೆಂಡಿನ ಹೊಗೆಯಾಡಿದ ಬಾರ್ಲಿಯನ್ನೂ ಕೂಡಿಸಿದ ಅವರ ಫ್ಯೂಷನ್, ಲೇಬಲ್ಲಿನ ಮೇಲೆ ವಯಸ್ಸಿನ ಅಂಕೆಯೇ ಇಲ್ಲದೆ, ವಿಮರ್ಶಕ ಜಿಮ್ ಮರ್ರಿಯ 2010ರ ಗ್ರಂಥದಲ್ಲಿ ಜಗತ್ತಿನ ಮೂರನೆಯ ಶ್ರೇಷ್ಠ ವ್ಹಿಸ್ಕಿ ಎನಿಸಿತು. ಅದು ಕಾಯಿದೆಯಂತೆ ಸ್ಕಾಚ್ ಅಲ್ಲ, ಆಗಲಾರದು. ಆದರೆ ಹೊಗೆಯೂ ಸಿಹಿಯೂ ಎರಡೂ ಬೇಕೆನ್ನುವವನು ಸ್ಕಾಚಿಗಾಗಿ ಹಣ ಸುರಿಯುವ ಮೊದಲು ಇದನ್ನೊಮ್ಮೆ ನೋಡುವುದು ಉಚಿತ.

ಪರೀಕ್ಷಿಸುವ ಕ್ರಮ ಸರಳ. ಬಾಯಿ ಕಿರಿದಾದ ಗಾಜಿನ ಲೋಟ, 30 ಮಿಲಿಲೀಟರಿನ ಒಂದು ಸಣ್ಣ ಪೆಗ್, ಬದಿಯಲ್ಲಿ ಕುಡಿಯುವ ನೀರು. ಮೊದಲು ಮೂಗು, ಬಾಯಿ ತುಸು ತೆರೆದು, ಆಮೇಲೆ ಗುಟುಕು, ಆಮೇಲೆ ಚಮಚದಿಂದ ಕೆಲವು ಹನಿ ನೀರು ಹಾಕಿ ಮತ್ತೆ ಮೂಗು. ನೀರು ಬೆರೆಸುವುದು ಅರಸಿಕತೆಯೆಂಬುದು ಅಜ್ಞಾನದ ಮಾತು: ಹೊಗೆಯ ಕಂಪಿಗೆ ಕಾರಣವಾದ ಗ್ವಾಯಕೋಲ್ ಎಂಬ ಅಣು, ಮದ್ಯಸಾರ ಶೇಕಡಾ 45ಕ್ಕೆ ಇಳಿದಾಗ ದ್ರವದ ಮೇಲ್ಮೈಯಲ್ಲಿ ನೆರೆಯುತ್ತದೆಂಬುದನ್ನು 2017ರಲ್ಲಿ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಗಣಕದ ಲೆಕ್ಕಾಚಾರದಿಂದ ತೋರಿಸಿದ್ದಾರೆ. ಬ್ಲೆಂಡಿಗೆ ಸೋಡಾ ಸಲ್ಲುತ್ತದೆ. ಸಿಂಗಲ್ ಮಾಲ್ಟಿಗೆ ಕೋಲಾ ಸುರಿಯುವವರು ಅಗ್ಗದ ರಮ್ಮನ್ನು ಕೊಂಡು ಹಣ ಉಳಿಸಬಹುದು. ಆರೋಗ್ಯಕ್ಕೆ ಒಳ್ಳೆಯದೆಂಬ ನೆಪವನ್ನಂತೂ ಯಾರೂ ಹೇಳದಿರಲಿ. ಮದ್ಯಕ್ಕೆ ಸುರಕ್ಷಿತ ಪ್ರಮಾಣವೆಂಬುದೊಂದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಸಾರಿದೆ.

ಇಡೀ ಬಾಟಲಿಯನ್ನು ಕಣ್ಣುಮುಚ್ಚಿ ಕೊಳ್ಳುವುದಕ್ಕಿಂತ ಮಂಗಳೂರಿಗೋ ಬೆಂಗಳೂರಿಗೋ ಹೋದಾಗ ಒಳ್ಳೆಯ ಬಾರಿನಲ್ಲಿ ಹೊಗೆಯದೊಂದು, ಶೆರ್ರಿಯದೊಂದು, ಬರ್ಬನ್ ಪೀಪಾಯಿಯದೊಂದು ಸಣ್ಣ ಪೆಗ್ಗನ್ನು ಮೂವರು ಗೆಳೆಯರು ಹಂಚಿಕೊಂಡು ಮೂಸಿ ನೋಡುವುದು ಮೇಲು. ಹೊಗೆಯದನ್ನು ಕೊನೆಗೆ ಇಟ್ಟುಕೊಳ್ಳಬೇಕು. ಮೊದಲೇ ಕುಡಿದರೆ ಮಿಕ್ಕೆರಡರ ರುಚಿ ನಾಲಗೆಗೆ ಹತ್ತುವುದಿಲ್ಲ.